ಹೆಸರು ಹೇಳಿಟ್ಟ ಪಾಲು

ವೈವಾ ಹುಟ್ಟಿದ ದಿನ ಕೋಳಿಗೂಡಿಗೆ ನರಿ ನುಗ್ಗಿತ್ತಂತೆ. ಮನೆಮಂದಿಯೆಲ್ಲ ಬಾಣಂತಿ ಕೋಣೆಯ ಸುತ್ತ ಸುಳಿಯುತ್ತಿದ್ದುದರಿಂದ ಅದನ್ನು ಓಡಿಸುವವರೇ ಇರಲಿಲ್ಲ. ಹೊಟ್ಟೆತುಂಬ ತಿಂದ ನರಿ ಹೋಗುವ ಮುನ್ನ ಕಿಟಕಿಯಲ್ಲಿ ಇಣುಕಿ, ಉಂಡ ಮನೆಯ ಋಣ ಇಟ್ಟುಕೊಳ್ಳಬಾರದೆಂದು ತನ್ನ ಮೂಗಿನಲ್ಲಿ ಅರ್ಧವನ್ನು ಕೂಸಿಗೆ ಕೊಟ್ಟು ಹೋಯಿತು. ಅಜ್ಜಿ ಈ ಕತೆ ಹೇಳಿದಾಗಲೆಲ್ಲ ನರಿ ತಿಂದ ಕೋಳಿಗಳು ಹೆಚ್ಚುತ್ತಿದ್ದವು, ಮೂಗು ಮಾತ್ರ ಅರ್ಧವೇ ಉಳಿಯುತ್ತಿತ್ತು.

"ಉಳಿದರ್ಧ ನಂಗೆ ಕೊಡ್ಬೇಕಿತ್ತು ತಾನೆ?" ಎಂದು ಅಣ್ಣ ತೌತ್ವಿದಸ್ ಜಗಳ ತೆಗೆಯುತ್ತಿದ್ದ.

"ನೀನು ಹುಟ್ಟಿದಾಗ ಬಂದಿದ್ದು ಹಂದಿ ಕಣೋ. ಅದರ ಹೊಟ್ಟೆ ನಿಂಗೆ ಸಿಕ್ಕಿದೆಯಲ್ಲ, ಸಾಕು ಸುಮ್ನಿರು," ಎನ್ನುತ್ತಿದ್ದಳು ಅಜ್ಜಿ.

ಆ ಅರ್ಧ ಮೂಗಿಗೆ ಮೊದಲು ಕೆಲಸ ಕೊಟ್ಟಿದ್ದು ತಾತನ ಬಿಯರು. ತಾತ ಮೊಳಕೆ ಬರಿಸಿ ಒಣಗಿಸಿದ ಜವೆಗೋಧಿಯನ್ನು ಬಿಸಿನೀರಿನಲ್ಲಿ ಕಲಸಿ, ದಪ್ಪ ರೊಟ್ಟಿಗಳಾಗಿ ತಟ್ಟಿ, ಇಟ್ಟಿಗೆಯ ದೊಡ್ಡ ಒಲೆಯೊಳಗೆ ಮೈ ಕಪ್ಪಾಗುವತನಕ ಸುಡುತ್ತಿದ್ದ. ಸುಟ್ಟದ್ದನ್ನು ಮುರಿದು ಮರದ ತೊಟ್ಟಿಗೆ ಹಾಕಿ ನೀರು ಹೊಯ್ದು, ಇಳಿದ ರಸಕ್ಕೆ ಹಾಪ್ಸ್ ಎಂಬ ಕಹಿ ಹೂವಿನ ಕಷಾಯ ಬೆರೆಸಿ ಹೆಪ್ಪು ಹಾಕುತ್ತಿದ್ದ. ಮಕ್ಕಳಿಗೆ ಕೊಡುತ್ತಿದ್ದುದು ಬೆರಳಿನ ಮೇಲೆ ನಿಲ್ಲುವಷ್ಟು ನೊರೆ ಮಾತ್ರ. ಅಷ್ಟರಲ್ಲೇ ವೈವಾ ಕಣ್ಣುಮುಚ್ಚಿ, "ಇದ್ರಲ್ಲಿ ಹುಲ್ಲಟ್ಟ ಇದೆ, ಮೊನ್ನೆ ಸೋರಿತ್ತಲ್ಲ, ಆ ಹುಲ್ಲಟ್ಟ," ಎನ್ನುತ್ತಿದ್ದಳು. ತಾತನಿಗೆ ಅದು ದೊಡ್ಡ ಹೊಗಳಿಕೆ.

ಸತ್ತವರ ಹಬ್ಬದ ಸಂಜೆ ಅದೇ ಬಿಯರಿನ ಒಂದು ಲೋಟವನ್ನು ಅಜ್ಜಿ ಹೊಸ್ತಿಲಾಚೆಯ ನೆಲಕ್ಕೆ ಹೊಯ್ಯುತ್ತಿದ್ದಳು. "ಸತ್ತವರಿಗೆ ಗಂಟಲಿರಲ್ಲ, ವಾಸನೇನೇ ಅವರ ಊಟ. ಮೂಗು ಮುಚ್ಕೊಳ್ಳಿ ಇಬ್ರೂ. ಏ ನರಿಮೂಗಿ, ನೀನು ಇನ್ನೂ ಗಟ್ಟಿಯಾಗಿ. ನೀನೊಬ್ಬಳೇ ಎಲ್ಲಾ ಎಳ್ಕೊಂಡ್ರೆ ನಮ್ಮಪ್ಪಂಗೆ ಏನು ಉಳಿಯುತ್ತೆ?" ಅಣ್ಣತಂಗಿ ಮೂಗು ಹಿಡಿದು, ಕೆನ್ನೆ ಉಬ್ಬಿಸಿ, ಒಬ್ಬರನ್ನೊಬ್ಬರು ನೋಡಿ ನಗು ತಡೆಯಲಾರದೆ ಪುಸ್ಸೆನ್ನುತ್ತಿದ್ದರು. ಅಜ್ಜಿಯ ಕೈ ಇಬ್ಬರ ತಲೆಯ ಮೇಲೂ ಬೀಳುತ್ತಿತ್ತು.

ತಾತ ಹೋದ. ಒಲೆ ಬಿರುಕು ಬಿಟ್ಟು, ಅದನ್ನು ಒಡೆಸಿ ಗ್ಯಾಸಿನ ಒಲೆ ಇಟ್ಟರು. ಹೆಪ್ಪನ್ನು ನೋಡಿಕೊಳ್ಳುವವರಿಲ್ಲದೆ ಅದೂ ಸತ್ತಿತು. ಅಜ್ಜಿಯೂ ಹೋದಮೇಲೆ, ಆ ಬಿಯರು ಹೇಗಿತ್ತೆಂದು ಲೋಕದಲ್ಲಿ ಗೊತ್ತಿದ್ದವರು ಈ ಇಬ್ಬರೇ.

ದೊಡ್ಡವರಾದ ಮೇಲೆ ವೈವಾ ಪನೆವೆಜೀಸ್ ಪೇಟೆಯ ಕನ್ನಡಕದ ಅಂಗಡಿ ಸೇರಿದಳು. ತೌತ್ವಿದಸ್ ಹಳ್ಳಿಹಳ್ಳಿ ತಿರುಗಿ ಬಾವಿಗೆ ಪಂಪು ಕೂರಿಸುವ ಕೆಲಸ ಹಿಡಿದ. ಬೇಸಿಗೆ ಬಂದರೆ ಮಾತ್ರ ಬೇರೆಯವರು ಅಣಬೆ ಹುಡುಕಿ ಹೊರಡುವ ಹಾಗೆ ಇಬ್ಬರೂ ಸೈಕಲ್ಲು ಹತ್ತಿ ಮನೆಬಿಯರು ಹುಡುಕಿ ಹೊರಡುತ್ತಿದ್ದರು. ಒಂದೊಂದು ಹಟ್ಟಿಯದೂ ಒಂದೊಂದು ಬಗೆ. ಒಬ್ಬರು ರಾಸ್ಪ್‌ಬೆರಿ ಕಡ್ಡಿ ಹಾಸಿ ಸೋಸಿದರೆ ಇನ್ನೊಬ್ಬರು ರೈ ಹುಲ್ಲು ಹಾಸಿ ಸೋಸುತ್ತಾರೆ. ಒಂದು ಮನೆಯ ಹೆಪ್ಪಿಗೆ ಕಿತ್ತಳೆ ಸಿಪ್ಪೆಯ ವಾಸನೆ, ಆಚೆಮನೆಯದಕ್ಕೆ ಕಾಡು ಅಣಬೆಯದು. ವೈವಾ ಒಂದೇ ಗುಟುಕನ್ನು ನಾಲಗೆಯಲ್ಲಿ ಹೊರಳಿಸಿ ಬಿಡಿಸಿಬಿಡಿಸಿ ಹೇಳಿದರೆ, ತೌತ್ವಿದಸ್ ಲೋಟ ಖಾಲಿಮಾಡಿ, "ಒದ್ದೆ ನಾಯಿ," ಅನ್ನುವನು, ಇಲ್ಲವೆ, "ಪಾದ್ರಿಯ ಕಾಲುಚೀಲ." ಕೊನೆಯಲ್ಲಿ ಇಬ್ಬರ ತೀರ್ಪೂ ಒಂದೇ ಆಗಿರುತ್ತಿತ್ತು: ಚೆನ್ನಾಗಿದೆ, ತಾತನದ್ದಲ್ಲ.

ಈ ವರ್ಷ ಈಸ್ಟರ್ ಕಳೆದ ಮರುದಿನ ಅವನ ಫೋನು ಬಂತು.

"ಸಿಕ್ತು ಕಣೇ."

"ಏನು ಸಿಕ್ತು? ಹೆಣ್ಣಾ?"

"ಅದಕ್ಕಿಂತ ಅಪರೂಪದ್ದು. ತಾತ ಸಿಕ್ಕಿದ. ಬಾಯಿಗೆ ಹೋಗುವಾಗ ಸೀದ ರೊಟ್ಟಿ ಅಂಚು, ಗಂಟಲಿಳಿದ ಮೇಲೆ ನಿನ್ನ ಆ ಸೋರೋ ಹುಲ್ಲಟ್ಟ. ನಂಗೇ ಗೊತ್ತಾಯ್ತು ಅಂದ್ರೆ ನೋಡು, ಹಂದಿ ಹೊಟ್ಟೆಯವನಿಗೆ."

"ಯಾರ ಮನೇಲಿ?"

"ಬಿರ್ಜಾಯ್ ಆಚೆ. ಅಷ್ಟೇ ಹೇಳೋದು. ಬೇಸಿಗೇಲಿ ಕಣ್ಣು ಕಟ್ಟಿ ಕರ್ಕೊಂಡು ಹೋಗ್ತೀನಿ. ನೀನೇ ಕುಡಿದು ಹೌದು ಅನ್ಬೇಕು. ನೀನು ಹೌದು ಅಂದ್ರೆ ಹೌದು."

"ಹೇಳೋ ತೌತಿಸ್."

"ಊಹೂಂ. ಒದ್ದಾಡು ಸ್ವಲ್ಪ ದಿನ."

ಆ ವಾರ ಮುಗಿಯುವುದರೊಳಗೆ ಪಾಸ್ವಲಿಸ್ ಕಡೆಯ ಒಂದು ಹಳೇ ಬಾವಿಗಿಳಿದವನು ಮೇಲೆ ಬರಲಿಲ್ಲ. ಆ ಬಾವಿಯಲ್ಲಿ ನೀರಿರಲಿಲ್ಲ, ಕೆಟ್ಟ ಗಾಳಿ ಇತ್ತು.

ಮಣ್ಣು ಮಾಡುವಾಗ ವೈವಾ ಎಲ್ಲರಂತೆ ನಿಂತಳು, ಎಲ್ಲರಂತೆ ಮಣ್ಣು ಹಾಕಿದಳು. ಆದರೆ ಅವನು ಸತ್ತ ಎಂಬ ಮಾತನ್ನು ಮಾತ್ರ ಅವಳ ಬಾಯಿ ಆಡಲಿಲ್ಲ. ಅಂಗಡಿಯಲ್ಲಿ ಯಾರಾದರೂ ಅಣ್ಣ ಹೇಗಿದ್ದಾನೆಂದು ಕೇಳಿದರೆ ಕನ್ನಡಕ ಒರೆಸುತ್ತ ಒಳಗೆ ಹೋಗಿಬಿಡುತ್ತಿದ್ದಳು. ಬೇಸಿಗೆ ಬಂದಿತು. ಅವಳು ಭಾನುವಾರದ ಬಸ್ಸಿನ ಹೊಟ್ಟೆಗೆ ಸೈಕಲ್ಲು ತುಂಬಿ ಬಿರ್ಜಾಯ್‌ನಲ್ಲಿ ಇಳಿದಳು. ಅವನು ಕಂಡ ಬಿಯರನ್ನು ಕಂಡು, ಕುಡಿದು, ಹೌದು ಅನ್ನಬೇಕಿತ್ತು. ಅಷ್ಟು ಮಾಡದಿದ್ದರೆ ಅವನ ಕೊನೆಯ ಮಾತು ಅರ್ಧಕ್ಕೇ ನಿಂತುಬಿಡುತ್ತದೆ ಎಂದು ಅವಳಿಗನ್ನಿಸಿತ್ತು.

ಮೊದಲು ಹೋದದ್ದು ಅಲ್ಫೊನ್ಸಸ್ ಎಂಬುವನ ಹಟ್ಟಿಗೆ. ಬೆಲ್ಲದ ಪಾಕದಂಥ ಬಿಯರು, ಅದಕ್ಕಿಂತ ಸಿಹಿಯಾದ ಮಾತು. ಅಲ್ಲಿ ಅವಳು ನೇರವಾಗಿ ಕೇಳಿದಳು: "ಈಸ್ಟರ್ ಹೊತ್ತಿಗೆ ಪಂಪು ಕೂರಿಸೋನು ಒಬ್ಬ ಈ ಕಡೆ ಬಂದಿದ್ನಾ? ಉದ್ದಕ್ಕಿದಾನೆ, ಕೆಂಚು ಗಡ್ಡ."

"ಪಂಪಿನವರು ನೂರು ಜನ ಬರ್ತಾರೆ ಮಗಳೇ. ಅವನಿಗೇ ದಾರಿ ಗೊತ್ತಲ್ಲ, ಕೈ ಹಿಡಿದು ಎಳ್ಕೊಂಡು ಬಾ. ಎಲ್ಲಿದಾನೆ ಈಗ?"

ವೈವಾ ಲೋಟ ಕೆಳಗಿಟ್ಟಳು. ಎದ್ದು ಸೈಕಲ್ಲಿನ ಕಡೆ ನಡೆದಳು. ಆಮೇಲೆ ಅವಳು ಯಾರನ್ನೂ ಕೇಳಲಿಲ್ಲ. ಕೇಳಿದರೆ ಎದುರಿನವರೂ ಕೇಳುತ್ತಾರೆ. ನಾಲಗೆ ಇದೆಯಲ್ಲ, ಅದೇ ಹುಡುಕಲಿ.

ಬೇಸಿಗೆಯೆಲ್ಲ ಹೀಗೇ ಹೋಯಿತು. ಒಂದು ಮನೆಯ ಬಿಯರು ಹಸಿ ಬಟಾಣಿಯ ಹಾಗೆ, ಇನ್ನೊಂದು ಹೊಗೆ ಹಿಡಿದ ಕಂಬಳಿಯ ಹಾಗೆ, ಮತ್ತೊಂದು ಕುಡಿದಾದ ಮೇಲೆ ಕಲ್ಲು ನೆಕ್ಕಿದ ಹಾಗೆ. ಒಂದು ಕಡೆ ಸೀದ ಅಂಚು ಇತ್ತು, ಹುಲ್ಲಟ್ಟ ಇರಲಿಲ್ಲ. ಇನ್ನೊಂದು ಕಡೆ ಹುಲ್ಲಟ್ಟವೇನೋ ಇತ್ತು, ಆದರೆ ಅದು ಸೋರಿರಲಿಲ್ಲ. ಹಳ್ಳಿಗಳಲ್ಲಿ ಅವಳ ಸುದ್ದಿ ಅವಳಿಗಿಂತ ಮೊದಲೇ ತಲುಪತೊಡಗಿತು. ಗೆನೊವೈತೆ ಎಂಬ ವಿಧವೆ ಬಾಗಿಲಲ್ಲೇ ಸೊಂಟಕ್ಕೆ ಕೈ ಕೊಟ್ಟು ನಿಂತು, "ನೀನೇ ಏನಮ್ಮ ಊರೆಲ್ಲ ಮೂಸ್ಕೊಂಡು ಬರ್ತಿರೋ ಪನೆವೆಜೀಸ್ ಹುಡುಗಿ? ನಂದನ್ನೂ ಮೂಸು. ಚೆನ್ನಾಗಿಲ್ಲ ಅಂದ್ರೆ ಮಾತ್ರ ದನದ ಕೊಟ್ಟಿಗೆ ದಾರೀಲಿ ವಾಪಸ್ ಕಳಿಸ್ತೀನಿ," ಎಂದಳು. ಕುಡಿದು ಕಣ್ಣೀರಿಳಿಸುತ್ತ ಕೂತವಳನ್ನು ಕಂಡು ಅವಳ ದನಿ ಇಳಿಯಿತು. "ಏನು ಕಳ್ಕೊಂಡಿದೀಯೇ?"

"ಒಂದು ರುಚಿ," ಎಂದಳು ವೈವಾ.

"ರುಚಿಗೆ ಯಾರಾದ್ರೂ ಹೀಗೆ ಅಳ್ತಾರಾ," ಎಂದು ಗೆನೊವೈತೆ ಸೆರಗಿನಂತೆ ಏಪ್ರನ್ನಿನ ತುದಿ ಎತ್ತಿ ಅವಳ ಮುಖ ಒರೆಸಿದಳು. "ಸುಟ್ಟ ರೊಟ್ಟಿ ಬಿಯರಾದ್ರೆ ಕೆರೆಯಾಚೆ ಬಾಲಿಸ್ ಮಾಡ್ತಿದ್ದ. ಈಗ ಮಾಡ್ತಾನೋ ಇಲ್ವೋ. ಹೋಗಿ ನೋಡು."

ಅವಳು ಬಾಲಿಸ್‌ನ ಹಟ್ಟಿಗೆ ಹೋದ ಭಾನುವಾರ ಅಲ್ಲಿ ಆಲೂಗಡ್ಡೆ ಕೀಳುತ್ತಿದ್ದರು. ನೆರೆಹೊರೆಯವರೆಲ್ಲ ಹೊಲದಲ್ಲಿ ಬಗ್ಗಿದ್ದರು. ಸೈಕಲ್ಲು ನಿಲ್ಲಿಸುವಷ್ಟರಲ್ಲಿ ಒಬ್ಬ ಗಂಡಸು ಅವಳ ಕೈಗೆ ಬುಟ್ಟಿ ಕೊಟ್ಟ. "ಯಾರ ಕಡೆಯವಳಾದ್ರೂ ಸರಿ, ಕೈ ಎರಡಿವೆ ತಾನೆ? ಈ ಸಾಲು ಹಿಡಿ." ಅವನು ಈ ಮನೆಯ ಅಳಿಯ, ರೋಲಾಂದಸ್. ಹೆಸರು ಕೇಳಲಿಲ್ಲ, ಬಂದದ್ದೇಕೆಂದೂ ಕೇಳಲಿಲ್ಲ. ಆಲೂಗಡ್ಡೆ ದಿನ ಬಂದವರೆಲ್ಲ ಕೆಲಸಕ್ಕೇ ಬಂದವರು. ವೈವಾಗೆ ಅದೇ ಹಿತವೆನಿಸಿತು. ಉಗುರಿನೊಳಗೆ ಮಣ್ಣು ಸೇರುವತನಕ ಆರಿಸಿದಳು.

ಹೊತ್ತು ಇಳಿಯುವ ಮುಂಚೆ ಸೇಬಿನ ಮರದ ಕೆಳಗೆ ಊಟಕ್ಕೆ ಕೂತರು. ಬೇಯಿಸಿದ ಆಲೂಗಡ್ಡೆ, ಹೆರಿಂಗ್ ಮೀನು, ಶಾಜೀರಿಗೆ ಹಾಕಿದ ಗಿಣ್ಣು. ಮೇಜಿನ ತಲೆಯಲ್ಲಿ ಒರಗುಕುರ್ಚಿಯಲ್ಲಿ ಯಜಮಾನ ಬಾಲಿಸ್ ಕೂತಿದ್ದ. ಅವನ ಬಲಗೈ ತೊಡೆಯ ಮೇಲೆ ಯಾರೋ ಮರೆತು ಬಿಟ್ಟುಹೋದ ವಸ್ತುವಿನಂತೆ ಬಿದ್ದಿತ್ತು, ಬಾಯಿ ಒಂದು ಕಡೆಗೆ ಜಾರಿತ್ತು. ಮೇ ತಿಂಗಳಲ್ಲಿ ಲಕ್ವ ಹೊಡೆದಿತ್ತೆಂದು ಪಕ್ಕದವರು ಹೇಳಿದರು. ಅವನ ಹೆಂಡತಿ ಪೆತ್ರೊನೇಲೆ ಹೂಜಿಯಿಂದ ಬಿಯರು ಬಗ್ಗಿಸುತ್ತಿದ್ದಳು. ಮೇಜಿಗೆಲ್ಲ ಒಂದೇ ಲೋಟ. ಆ ಕಡೆಯ ರೀತಿಯೇ ಹಾಗೆ: ಲೋಟ ಹಿಡಿದವನು ಪಕ್ಕದವರ ಹೆಸರು ಹೇಳಿ ಕುಡಿಯಬೇಕು, ಕುಡಿದು ತುಂಬಿಸಿ ಅವರ ಕೈಗೇ ಕೊಡಬೇಕು, ಅವರು ಮುಂದಿನವರ ಹೆಸರು ಹೇಳಬೇಕು. ಹೆಸರಿಲ್ಲದೆ ಲೋಟ ದಾಟುವ ಹಾಗಿಲ್ಲ.

ಲೋಟ ವೈವಾಳ ಪಕ್ಕಕ್ಕೆ, ರೋಲಾಂದಸ್ ಕೈಗೆ ಬಂತು. ಗಾಳಿಯಲ್ಲಿ ಬಂದ ವಾಸನೆಯಲ್ಲೇ ಅವಳಿಗೆ ತಿಳಿದುಹೋಗಿತ್ತು. ತಿಳಿ ಸಿಹಿ, ಹಸಿ ಜವೆ, ಎಲ್ಲೂ ಒಲೆಯ ಸುಳಿವಿಲ್ಲ. ಇದೂ ಅಲ್ಲ. ಈ ಕಡೆಯ ಹಟ್ಟಿಗಳು ಮುಗಿಯುತ್ತ ಬಂದಿದ್ದವು.

"ಹೆಸರು ಹೇಳೇ ತಾಯಿ," ಎಂದ ರೋಲಾಂದಸ್. "ನಿನ್ನ ಹೆಸರು ಗೊತ್ತಾಗ್ದೆ ನಾನು ಕುಡಿಯೋ ಹಾಗಿಲ್ಲ. ಬೆಳಗ್ಗಿಂದ ಬಗ್ಗಿ ಬಗ್ಗಿ ನಾಲಗೆ ಒಣಗಿ ಹಲಗೆ ಆಗಿದೆ."

"ವೈವಾ."

ಮೇಜಿನ ಆ ತುದಿಯಲ್ಲಿ ಪೆತ್ರೊನೇಲೆಯ ಕೈ ನಿಂತಿತು. "ಯಾವ ವೈವಾ? ಎಲ್ಲಿಂದ ಬಂದೆ ನೀನು?"

"ಪನೆವೆಜೀಸ್‌ನಿಂದ, ಅಜ್ಜಿ."

"ಪಂಪಿನವನ ತಂಗಿಯಾ?"

ವೈವಾ ತಲೆಯಾಡಿಸಿದಳು. ತಲೆ ಆಡಿದ್ದು ಅವಳಿಗೇ ಗೊತ್ತಾಗಲಿಲ್ಲ. ಮುದುಕಿ ಹೂಜಿಯನ್ನು ಅಲ್ಲೇ ಇಟ್ಟು, ಏಪ್ರನ್ನಿಗೆ ಕೈ ಒರೆಸುತ್ತ ನೆಲಮಾಳಿಗೆಯ ಕಡೆ ನಡೆದಳು. ಮೆಟ್ಟಿಲಿಳಿಯುವಾಗ ಅವಳ ಮಂಡಿ ನರಳಿದ್ದು ಇಲ್ಲಿಗೂ ಕೇಳಿಸಿತು.

"ಅಯ್ಯೋ, ಆ ಹೂಜಿ," ಎಂದು ರೋಲಾಂದಸ್ ಹಣೆ ಚಚ್ಚಿಕೊಂಡ. "ಅತ್ತೆ ಅದನ್ನ ಮುಟ್ಟೋಕೂ ಬಿಟ್ಟಿಲ್ಲ ಇಷ್ಟು ದಿನ. ಅಲ್ಲಿಗೆ ನೀನು ನಿಜವಾಗ್ಲೂ ಇದೀಯ ಅಂತಾಯ್ತು. ನಾನು, ಇದೇನೋ ಕುಡುಕನ ಕತೆ ಅಂತಿದ್ದೆ."

ಪೆತ್ರೊನೇಲೆ ತಂದದ್ದು ಮೊಲದ ಗಾತ್ರದ ಒಂದು ಮಣ್ಣಿನ ಹೂಜಿ. ಬಾಯಿಗೆ ಬಟ್ಟೆ, ಬಟ್ಟೆಯ ಮೇಲೆ ಮೇಣ, ಕತ್ತಿಗೆ ಕೆಂಪು ದಾರ. ಅದನ್ನು ವೈವಾಳ ಮುಂದೆ ಇಟ್ಟು ಉಸಿರು ಬಿಟ್ಟಳು. "ತಗೋ. ನಿನ್ನ ಪಾಲು. ಈಸ್ಟರ್‌ನಿಂದ ಕಾದಿದೆ."

ಅವಳೇ ಹೇಳಿದಳು. ಈಸ್ಟರ್ ದಿನ ಬಾವಿ ಕೈಕೊಟ್ಟಿತ್ತು. ಹಬ್ಬದ ದಿನ ಕರೆದರೂ ಬೇಸರಪಡದೆ ಬಂದ ಹುಡುಗ ಪಂಪು ಸರಿಮಾಡಿ ಇದೇ ಮೇಜಿಗೆ ಕೂತ. "ಒಂದು ಗುಟುಕು ಕುಡಿದ. ಆಮೇಲೆ ಸುಮ್ನೆ ಕೂತ್ಬಿಟ್ಟ. ಗಡ್ಡದೊಳಗೆಲ್ಲ ಕಣ್ಣೀರು. ನಮ್ಮೆಜಮಾನ್ರು ಹೆದರ್ಕೊಂಡ್ರು, ಬಿಯರು ಕೆಟ್ಟಿದೆಯೇನೋ ಅಂತ. ಇವನ ಸರದಿ ಬಂದಾಗ ಯಾರ ಹೆಸರು ಹೇಳ್ತೀಯಪ್ಪ ಅಂದ್ರೆ, 'ನನ್ನ ತಂಗಿ ವೈವಾಗೆ' ಅಂದ. ಇಲ್ಲಿಲ್ದೋರ ಹೆಸರು ಹೇಳ್ಬಾರ್ದಪ್ಪ, ಹೇಳಿದ್ರೆ ಅವರು ಬರೋತನಕ ಅವರ ಪಾಲು ಇಡ್ಬೇಕಾಗುತ್ತೆ, ಇದು ನಮ್ಮತ್ತೆ ಕಾಲದಿಂದ ನಡ್ಕೊಂಡು ಬಂದಿರೋದು ಅಂದೆ. 'ಇಡಿ ಅಜ್ಜಿ, ಬೇಸಿಗೆಗೆ ಕರ್ಕೊಂಡು ಬರ್ತೀನಿ' ಅಂದ."

"ಅತ್ತೆ, ಕುದಿಸದಿರೋ ಬಿಯರು ತಿಂಗಳೂ ನಿಲ್ಲಲ್ಲ," ಎಂದ ರೋಲಾಂದಸ್. "ಅದು ಸೌತೆಕಾಯಿ ಹುಳಿಹಾಕೋಕೆ ಲಾಯಕ್ಕು ಈಗ."

"ನಂಗೆ ಹೇಳ್ಕೊಡ್ಬೇಡ. ನಾನೇನು ನಿನ್ನೆ ಹುಟ್ಟಿದೀನಾ? ಹುಳಿಯಾಗುತ್ತೆ ಅಂತ ಗೊತ್ತಿತ್ತು. ಹೆಸರು ಹೇಳಿಟ್ಟ ಪಾಲನ್ನ ಚೆಲ್ಲೋ ಹಾಗಿಲ್ಲ, ಬೇರೆಯವರು ಕುಡಿಯೋ ಹಾಗಿಲ್ಲ. ಇನ್ನೇನು ಮಾಡ್ಲಿ?"

ವೈವಾ ದಾರ ಬಿಚ್ಚಿದಳು. ಮೇಣ ಒಡೆಯಿತು. ಮೂಗಿಗೆ ಹೊಡೆದ ಹುಳಿಗೆ ಕಣ್ಣು ತಾನಾಗಿ ಮುಚ್ಚಿಕೊಂಡಿತು. ಲೋಟಕ್ಕೆ ಬಗ್ಗಿಸಿಕೊಂಡು ಕುಡಿದಳು. ಹುಳಿ ಹಲ್ಲನ್ನು ಹಿಡಿಯಿತು, ಗಂಟಲನ್ನು ಗೀರಿತು. ಅವಳು ಬಿಡಲಿಲ್ಲ. ಆ ಹುಳಿಯ ಅಡಿಯಲ್ಲಿ, ಕೆಸರು ಕೊಳದ ತಳದಲ್ಲಿ ಬಿದ್ದ ಉಂಗುರಕ್ಕೆ ಕೈಯಾಡಿಸುವ ಹಾಗೆ, ನಾಲಗೆಯಾಡಿಸಿ ಹುಡುಕಿದಳು. ಸೀದ ಅಂಚು ಇತ್ತೇ? ಇದ್ದಂತಿತ್ತು. ಇರಬೇಕೆಂದು ಅವಳೇ ಅಂದುಕೊಂಡದ್ದೂ ಇರಬಹುದು. ಹುಲ್ಲಟ್ಟ? ಇನ್ನೊಂದು ಗುಟುಕು. ಮತ್ತೊಂದು. ಮೇಜಿನವರೆಲ್ಲ ಅಗಿಯುವುದನ್ನು ನಿಲ್ಲಿಸಿದ್ದರು. ಕಂಬಳಿಯನ್ನೂ ಕಲ್ಲನ್ನೂ ಬಿಡಿಸಿ ಹೇಳಬಲ್ಲ ನಾಲಗೆಗೆ ಇದೊಂದನ್ನು ಬಿಡಿಸಲಾಗಲಿಲ್ಲ.

ಕುರ್ಚಿಯಿಂದ ಬಾಲಿಸ್ ಏನೋ ಹೇಳಲು ಹೆಣಗಿದ. "ಒ... ಒ..."

"ಒಲೆ ಅಂತಿದಾರೆ," ಎಂದಳು ಪೆತ್ರೊನೇಲೆ. "ಒಲೇಲಿ ಸುಟ್ಟು ಮಾಡಿದ್ದು ಅಂತ. ಅದೇ ಇವರು ಮಾಡಿದ ಕೊನೇದು."

"ಮತ್ತೆ ಮಾಡೋಕಾಗಲ್ವಾ ಅಜ್ಜಿ?" ಎಂದು ವೈವಾ ಕೇಳಿದಳು.

"ಒಲೆ ಇದೆ. ಕೈ ಇಲ್ವಲ್ಲಮ್ಮ. ರೊಟ್ಟಿಯನ್ನ ಬೆರಳಲ್ಲಿ ತಟ್ಟಿ ಸದ್ದು ಕೇಳ್ತಿದ್ರು, ಈಗ ತೆಗಿ, ಈಗ ಬೇಡ ಅಂತ. ಅದನ್ನ ಯಾರಿಗೂ ಹೇಳ್ಕೊಡಲಿಲ್ಲ, ನಾವೂ ಕಲೀಲಿಲ್ಲ. ಆಸ್ಪತ್ರೆಗೆ ಓಡಾಡೋವಾಗ ಹೆಪ್ಪೂ ಸತ್ತೋಯ್ತು. ಈಗಿರೋದು ಪಕ್ಕದ ಮನೆಯಿಂದ ತಂದಿದ್ದು. ಅಳಿಯಂದ್ರು ಸ್ಟೀಲ್ ಪಾತ್ರೇಲಿ ಮಾಡ್ತಾರೆ."

"ಬೈಕೊಂಡೇ ಕುಡೀತಾರೆ ಎಲ್ರೂ," ಎಂದ ರೋಲಾಂದಸ್.

ಹೂಜಿಯಲ್ಲಿ ಇನ್ನೂ ಒಂದು ಲೋಟದಷ್ಟು ಉಳಿದಿತ್ತು. ಪೆತ್ರೊನೇಲೆ ಅದನ್ನು ಬಗ್ಗಿಸಿ ನೋಡಿ, "ಈಗ ನೀನು ಹೆಸರು ಹೇಳ್ಬೇಕು," ಎಂದಳು. "ಪಾಲು ಕುಡಿದ ಮೇಲೆ ಲೋಟ ನಿಂದು. ಯಾರಿಗೆ?"

ಎಡಗಡೆ ರೋಲಾಂದಸ್ ಇದ್ದ, ಬಲಗಡೆ ಒಬ್ಬ ಮುದುಕಿ ಗಿಣ್ಣು ಹಿಡಿದು ಕಾಯುತ್ತಿದ್ದಳು. ವೈವಾಳ ಬಾಯಿಗೆ ಬೇರೆ ಹೆಸರು ಬರಲೇ ಇಲ್ಲ.

"ತೌತ್ವಿದಸ್‌ಗೆ."

"ತೌತ್ವಿದಸ್ ಅಂತಾನಾ ಅವನ ಹೆಸರು," ಎಂದಳು ಪೆತ್ರೊನೇಲೆ ಮುಖ ಅರಳಿಸಿ. "ನಾವು ಪಂಪಿನವನು ಪಂಪಿನವನು ಅಂತಲೇ ಅಂತಿದ್ವಿ. ಸರಿ ಬಿಡು. ಅಣ್ಣತಂಗಿ ಇಬ್ರೂ ಸೇರಿ ನಂಗೆ ಮೆಟ್ಟಿಲು ಹತ್ತಿಸಿ ಇಳಿಸಿ ಮಾಡ್ತೀರ. ಬರೋತನಕ ಇಟ್ಟಿರ್ತೀನಿ, ಈ ಸಲ ಮೇಣ ಗಟ್ಟಿಯಾಗಿ ಹಾಕ್ತೀನಿ. ಬಂದಾಗ ಹೇಳು, ಬಾವಿ ಮತ್ತೆ ಗೊರಗೊರ ಅಂತಿದೆ." ಹೂಜಿಯನ್ನು ಕಂಕುಳಲ್ಲಿಟ್ಟು ಅವಳು ಹೊರಟಳು.

ವೈವಾ ಅವಳ ಬೆನ್ನನ್ನೇ ನೋಡಿದಳು. ಸುಮ್ಮನಿದ್ದರಾಯಿತು. ಈ ನೆಲದಡಿಯ ತಂಪಿನಲ್ಲಿ, ಕೆಂಪು ದಾರ ಕಟ್ಟಿಕೊಂಡು, ಅವನು ಇನ್ನೂ ಬರಬೇಕಾದ ಒಂದು ಜಾಗ ಲೋಕದಲ್ಲಿ ಉಳಿದಿರುತ್ತದೆ. ಇಲ್ಲಿಯವರಿಗೆ ಅವನು ಬೇಸಿಗೆಗೆ ಬರುವೆನೆಂದು ಹೇಳಿ ಹೋದ ಹುಡುಗ, ಸ್ವಲ್ಪ ತಡವಾಗಿದೆ ಅಷ್ಟೇ. ಎಂಥ ಮೆತ್ತನೆಯ ಸುಳ್ಳು. ಆದರೆ ಕಾಯುವುದೆಂದರೆ ಏನಾಗುವುದೆಂದು ಆ ಹೂಜಿ ಈಗಷ್ಟೇ ಅವಳ ನಾಲಗೆಗೆ ಹೇಳಿತ್ತು, ಹಲ್ಲು ಇನ್ನೂ ಜುಮ್ಮೆನ್ನುತ್ತಿತ್ತು. ಮುದುಕಿ ನೆಲಮಾಳಿಗೆಯ ಬಾಗಿಲ ಚೌಕಟ್ಟು ಹಿಡಿದು ಮೊದಲ ಮೆಟ್ಟಿಲಿಗೆ ನೋಯುವ ಕಾಲನ್ನು ಇಳಿಬಿಟ್ಟಳು.

"ಅಜ್ಜಿ," ಎಂದಳು ವೈವಾ. "ಇಡ್ಬೇಡಿ. ಅವನು ಬರಲ್ಲ."

ಪೆತ್ರೊನೇಲೆ ತಿರುಗಿದಳು.

"ಸತ್ತುಹೋದ. ಈಸ್ಟರ್ ಆದ ವಾರವೇ. ಬಾವೀಲಿ."

ಆ ಮಾತು ಹೊರಬಿದ್ದ ಮೇಲೆ ಅದಕ್ಕಿಂತ ಚಿಕ್ಕ ಮಾತು ಇನ್ನೊಂದಿಲ್ಲವೆಂದು ಅವಳಿಗೆ ಅನ್ನಿಸಿತು. ಮರದಿಂದ ಒಂದು ಸೇಬು ಬಿದ್ದು ಉರುಳಿತು. ರೋಲಾಂದಸ್ ಟೋಪಿ ತೆಗೆದ. ಬಾಲಿಸ್‌ನ ಎಡಗೈ ಮೇಜಿನ ಮೇಲೆ ಏನನ್ನೋ ಹುಡುಕಿ, ಸಿಕ್ಕಿದ ರೊಟ್ಟಿಯನ್ನು ಬೆರಳಗೆಣ್ಣಿನಿಂದ ಮೆಲ್ಲಗೆ ತಟ್ಟಿ ಸುಮ್ಮನಾಯಿತು.

ಪೆತ್ರೊನೇಲೆ ಮೆಟ್ಟಿಲಿಂದ ಕಾಲು ಹಿಂದೆಗೆದು, ಬಂದು, ಹೂಜಿಯನ್ನು ವೈವಾಳ ಕೈಗೆ ಕೊಟ್ಟಳು. "ಹಾಗಿದ್ರೆ ಇದು ನೆಲದ ಪಾಲು," ಎಂದಳು. "ನೀನೇ ಹಾಕು. ಮನೆಯವರೇ ಹಾಕ್ಬೇಕು."

ವೈವಾ ಮೇಜಿನಿಂದಾಚೆ ಹೋಗಿ, ಆಲೂಗಡ್ಡೆ ಕಿತ್ತು ಸಡಿಲವಾಗಿದ್ದ ಕಪ್ಪು ಮಣ್ಣಿನ ಅಂಚಿನಲ್ಲಿ ಮಂಡಿಯೂರಿದಳು. ಬೆಳಗಿನಿಂದ ಬಿಸಿಲುಂಡ ಮಣ್ಣು ಬೆಚ್ಚಗಿತ್ತು. ಬೆಚ್ಚನೆಯ ಮಣ್ಣಿಗೆ ಬಿದ್ದರೆ ಯಾವ ಬಿಯರೂ ತನ್ನೊಳಗಿನದನ್ನೆಲ್ಲ ಬಿಚ್ಚಿಡುತ್ತದೆ, ಹುಳಿಯ ಅಡಿಯಲ್ಲಿ ಅಡಗಿದ್ದನ್ನೂ. ಅದು ಅವಳಿಗೆ ಗೊತ್ತಿತ್ತು. ಒಂದೇ ಒಂದು ಉಸಿರು ಸಾಕಿತ್ತು, ಹೌದೋ ಅಲ್ಲವೋ ಎಂದು ಕೊನೆಗೂ ತಿಳಿಯುವುದಕ್ಕೆ.

ಅವಳು ಬಲಗೈಯಲ್ಲಿ ಹೂಜಿ ಬಗ್ಗಿಸಿದಳು. ಎಡಗೈಯಲ್ಲಿ ಮೂಗು ಮುಚ್ಚಿಕೊಂಡಳು. ಇನ್ನೂ ಗಟ್ಟಿಯಾಗಿ. ಕೆನ್ನೆ ಉಬ್ಬಿತು, ಕಿವಿ ಗುಂಯ್‌ಗುಟ್ಟಿತು. ಕೊನೆಯ ಹನಿ ಇಂಗಿ, ಒದ್ದೆಯ ಕಲೆ ಅಂಚಿನಿಂದ ಒಣಗತೊಡಗುವತನಕ ಅವಳು ಉಸಿರು ಎಳೆದುಕೊಳ್ಳಲಿಲ್ಲ.